ಸ್ಟಾರ್ ಟ್ರೆಕ್ ಕ್ಯಾಪ್ಟನ್‌ಗಳ ತಪ್ಪನ್ನು ಮುಲಾಜಿಲ್ಲದೆ ತೂಗುವುದು ಹೇಗೆ?

ಸ್ಟಾರ್ ಟ್ರೆಕ್ ಎಂದರೆ ಬಾಹ್ಯಾಕಾಶದ ಕಥೆ ಹೇಳುವ ಟಿವಿ ಸರಣಿಗಳ ಗುಂಪು, ಅದರಲ್ಲಿ ಡೀಪ್ ಸ್ಪೇಸ್ ನೈನ್ ಸರಣಿಯ ನಾಯಕ ಸಿಸ್ಕೊ. 'ಸಿಸ್ಕೊ ಒಳ್ಳೆಯವನೋ ಕೆಟ್ಟವನೋ' ಎಂಬ ಪ್ರಶ್ನೆ ಹಿಡಿದು ಕೂತರೆ ಅಭಿಮಾನವೇ ಗೆಲ್ಲುತ್ತದೆ. ಒಂದು ಕಂತು, ಅದರಲ್ಲಿ ಒಂದು ನಿರ್ಧಾರ, ಇಷ್ಟನ್ನೇ ಎತ್ತಿಕೊಳ್ಳಿ. ಮೊದಲ ಸಲ ಎಲ್ಲೂ ನಿಲ್ಲಿಸದೆ ನೋಡಿ. ಎರಡನೇ ಸಲ ನಾಯಕ ಹೆಜ್ಜೆ ಇಟ್ಟಲ್ಲೆಲ್ಲ ನಿಲ್ಲಿಸಿ ನಾಲ್ಕು ವಿಷಯ ಬರೆದುಕೊಳ್ಳಿ: ಏನು ಮಾಡಿದ, ಆ ಹೊತ್ತಿಗೆ ಅವನಿಗೆ ಏನು ಗೊತ್ತಿತ್ತು, ಬೇರೆ ಯಾವ ದಾರಿ ಇತ್ತು, ಬೆಲೆ ತೆತ್ತವರು ಯಾರು. ಕೊನೆಯದಕ್ಕೇ ಹೆಚ್ಚು ಗಮನ ಬೇಕು. ಕ್ಯಾಪ್ಟನ್ನನ ಸಂಕಟ ಪರದೆ ತುಂಬ ಕಾಣುತ್ತದೆ, ಬೆಲೆ ತೆತ್ತವರು ಎಷ್ಟೋ ಸಲ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತಾರೆ.

ಅಭ್ಯಾಸಕ್ಕೆ ಡೀಪ್ ಸ್ಪೇಸ್ ನೈನ್‌ನ 'ಇನ್ ದ ಪೇಲ್ ಮೂನ್‌ಲೈಟ್' (1998) ತಕ್ಕ ಕಂತು. ದೂರ ನಿಂತಿದ್ದ ರೋಮುಲನ್ನರನ್ನು ಶತ್ರು ಸಾಮ್ರಾಜ್ಯವಾದ ಡೊಮಿನಿಯನ್ ವಿರುದ್ಧದ ಯುದ್ಧಕ್ಕೆ ಎಳೆಯಲು ಸಿಸ್ಕೊ ಸುಳ್ಳು ಸಾಕ್ಷ್ಯ ಸೃಷ್ಟಿಸುತ್ತಾನೆ. ತಪ್ಪು ಒಂದೇ ಏಟಿಗೆ ಆಗುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮೊದಲು ನಿಜವಾದ ಸಾಕ್ಷ್ಯಕ್ಕೆ ಹುಡುಕಾಟ. ಅದು ಸಿಗದಾಗ ಖೋಟಾ ದಾಖಲೆ ಮಾಡುವ ಟೋಲಾರ್‌ನನ್ನು ಕ್ಲಿಂಗಾನ್ ಜನಾಂಗದವರ ಸೆರೆಯಿಂದ ಬಿಡಿಸುವುದು. ಅವನು ಬಾರ್ ನಡೆಸುವ ಕ್ವಾರ್ಕ್‌ಗೆ ಚೂರಿ ಹಾಕಿದಾಗ ಕ್ವಾರ್ಕ್‌ನ ಬಾಯಿ ಮುಚ್ಚಿಸಲು ಲಂಚ. ಕೊನೆಗೆ ರೋಮುಲನ್ ಸೆನೆಟರ್ ವ್ರೀನಾಕ್ ಮೋಸ ಕಂಡುಹಿಡಿದಾಗ ಅವನನ್ನು ಕೊಲ್ಲಲು ಸಿಸ್ಕೊನ ಜೊತೆಗಾರ, ಮಾಜಿ ಗೂಢಚಾರ ಗ್ಯಾರಕ್ ಇಟ್ಟ ಬಾಂಬ್. ಪ್ರತಿ ಮೆಟ್ಟಿಲಲ್ಲೂ 'ಇಲ್ಲಿಂದ ಹಿಂದಿರುಗಬಹುದಿತ್ತೇ?' ಎಂದು ಕೇಳಿ. ಲಂಚದ ಹಂತದಲ್ಲಿ ಖಂಡಿತ ಸಾಧ್ಯವಿತ್ತು, ಆಗಿನ್ನೂ ಯಾವ ದಾಖಲೆಯೂ ವ್ರೀನಾಕ್‌ನ ಕೈ ಸೇರಿರಲಿಲ್ಲ.

ಕೊನೆಯಲ್ಲಿ ಗ್ಯಾರಕ್ ತೆತ್ತ ಬೆಲೆಯ ಲೆಕ್ಕ ಒಪ್ಪಿಸುತ್ತಾನೆ: ಒಬ್ಬ ಸೆನೆಟರ್, ಒಬ್ಬ ಅಪರಾಧಿ (ಟೋಲಾರ್), ಒಬ್ಬ ಅಧಿಕಾರಿಯ (ಸಿಸ್ಕೊನ) ಆತ್ಮಗೌರವ. ಆ ಲೆಕ್ಕವನ್ನು ಹಾಗೇ ಒಪ್ಪಬೇಡಿ. ಗ್ಯಾರಕ್‌ನ ತಾಯ್ನಾಡಾದ ಕಾರ್ಡೇಸಿಯಾದಲ್ಲಿ ಅವನ ಜೊತೆ ಮಾತಾಡಿದ್ದಕ್ಕೇ ಸತ್ತರೆಂದು ಅವನೇ ಹೇಳಿದ ಸಂಪರ್ಕದವರು ಅದರಲ್ಲಿಲ್ಲ. ಸುಳ್ಳನ್ನು ನಂಬಿ ಯುದ್ಧಕ್ಕಿಳಿದು ಸಾಯಲಿರುವ ರೋಮುಲನ್ ಸೈನಿಕರೂ ಇಲ್ಲ. ಇನ್ನೊಂದು ಕಡೆ, ಖೋಟಾ ದಾಖಲೆಯ ಯೋಜನೆಗೆ ಸಿಸ್ಕೊ ಸೇವೆಯಲ್ಲಿರುವ ಪಡೆಯಾದ ಸ್ಟಾರ್‌ಫ್ಲೀಟ್ ಒಪ್ಪಿಗೆ ಕೊಟ್ಟಿತ್ತು. ಆ ಪಾಲಿನ ಹೊಣೆಯನ್ನು ಸಿಸ್ಕೊ ಒಬ್ಬನ ತಲೆಗೆ ಕಟ್ಟುವುದೂ ನ್ಯಾಯವಲ್ಲ.

ಹೆಚ್ಚಿನವರು ಎಡವುವುದು ಫಲಿತಾಂಶ ನೋಡಿ ತೀರ್ಪು ಕೊಡುವಲ್ಲಿ. ರೋಮುಲನ್ನರು ಬಂದರು, ಆದ್ದರಿಂದ ಸರಿ ಎನ್ನುವುದಾದರೆ, ಅವರು ಬಾರದಿದ್ದರೆ ಅದೇ ಕೆಲಸ ತಪ್ಪಾಗಬೇಕು. ನಿರ್ಧಾರದ ಗಳಿಗೆಯಲ್ಲಿ ಕೈಯಲ್ಲಿದ್ದ ಮಾಹಿತಿಯನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ.

ವೊಯೇಜರ್ ಸರಣಿಯ 'ಟುವಿಕ್ಸ್' (1996) ಇದಕ್ಕಿಂತ ಕಠಿಣ. ಜನರನ್ನು ಕ್ಷಣದಲ್ಲಿ ಬೇರೆಡೆಗೆ ಸಾಗಿಸುವ ಟ್ರಾನ್ಸ್‌ಪೋರ್ಟರ್ ಯಂತ್ರದ ಅವಘಡದಲ್ಲಿ ಹಡಗಿನ ಟುವಾಕ್ ಮತ್ತು ನೀಲಿಕ್ಸ್ ಎಂಬಿಬ್ಬರು ಬೆರೆತು ಹುಟ್ಟಿದ ಟುವಿಕ್ಸ್ ಬದುಕಬೇಕೆಂದು ಅಂಗಲಾಚುತ್ತಾನೆ. ಡಾಕ್ಟರ್ ವೈದ್ಯಧರ್ಮದ ಹೆಸರಿನಲ್ಲಿ ಹಿಂದೆ ಸರಿದಾಗ ಕ್ಯಾಪ್ಟನ್ ಜೇನ್‌ವೇ ತಾನೇ ಟುವಿಕ್ಸ್‌ನನ್ನು ಮತ್ತೆ ಇಬ್ಬರಾಗಿ ಬೇರ್ಪಡಿಸುತ್ತಾಳೆ. ಇಲ್ಲಿ 'ಒಬ್ಬನಿಗಿಂತ ಇಬ್ಬರು ದೊಡ್ಡದು' ಎಂಬ ಗಣಿತ ಬೇಗ ನಾಲಿಗೆಗೆ ಬರುತ್ತದೆ. ಅದನ್ನು ಪರೀಕ್ಷಿಸಲು, ಹಡಗಿನ ಬೇರೆ ಯಾವುದೋ ಆರೋಗ್ಯವಂತ ಸಿಬ್ಬಂದಿಯನ್ನು ಕೊಂದರೆ ಇಬ್ಬರು ಬದುಕುತ್ತಾರೆ ಎಂದಿಟ್ಟುಕೊಳ್ಳಿ. ಅಲ್ಲಿ ಒಪ್ಪಲಾಗದ್ದನ್ನು ಇಲ್ಲಿ ಒಪ್ಪಿದ್ದರೆ, ಬೇರೆ ಕಾರಣ ಏನೆಂದು ಬರೆಯಿರಿ. ಕಾರಣ ಇರಬಹುದು: ಟುವಾಕ್, ನೀಲಿಕ್ಸ್ ಇಬ್ಬರೂ ಅವನಲ್ಲೇ ಇದ್ದಾರೆ. ಹಡಗಿನ ನಿಯಂತ್ರಣ ಕೊಠಡಿಯಾದ ಬ್ರಿಡ್ಜ್‌ನಲ್ಲಿ ಅವನು ಗೋಗರೆಯುವಾಗ ಸುಮ್ಮನೆ ನಿಂತವರ ಹೆಸರುಗಳನ್ನೂ ಪಟ್ಟಿಗೆ ಸೇರಿಸಿ.

ಅಳತೆಗೋಲು ಆಯಾ ಕಾಲದ್ದೇ ಆಗಿರಲಿ. ಬೇರೆ ಲೋಕಗಳ ಸಹಜ ಬೆಳವಣಿಗೆಯಲ್ಲಿ ಕೈಹಾಕಬಾರದೆಂಬ ಪ್ರೈಮ್ ಡೈರೆಕ್ಟಿವ್ ನಿಯಮದಿಂದ ಮತ್ತೊಬ್ಬ ಕ್ಯಾಪ್ಟನ್ ಪಿಕಾರ್ಡ್‌ನನ್ನು ಅಳೆಯಬಹುದು, ಎಂಟರ್‌ಪ್ರೈಸ್ ಸರಣಿಯ ಆರ್ಚರ್‌ನನ್ನಲ್ಲ. ಆ ನಿಯಮ ಅವನ ಕಾಲದಲ್ಲಿ ಇನ್ನೂ ಹುಟ್ಟಿಲ್ಲ. 'ಡಿಯರ್ ಡಾಕ್ಟರ್' (2002) ಕಂತಿನಲ್ಲಿ ಆರ್ಚರ್, ಅವನ ಹಡಗಿನ ವೈದ್ಯ ಫ್ಲಾಕ್ಸ್ ಇಬ್ಬರೂ ಮಾರಕ ರೋಗ ಬಡಿದ ವಾಲಾಕಿಯನ್ನರಿಗೆ ರೋಗ ಗುಣಪಡಿಸುವ ಔಷಧಿ ಕೊಡದೆ ಬರುತ್ತಾರೆ, ಅದೇ ಗ್ರಹದ ಮೆಂಕ್ ಜನಾಂಗದ ವಿಕಾಸಕ್ಕೆ ಅಡ್ಡಿಯಾಗಬಾರದೆಂದು. ವಿಕಾಸಕ್ಕೆ ಮೊದಲೇ ಗೊತ್ತುಮಾಡಿದ ಗುರಿ ಇರುವುದಿಲ್ಲ. ಆ ವಿಜ್ಞಾನದ ತಪ್ಪನ್ನು ಕಥೆ ಬರೆದವರ ಖಾತೆಗೆ ಹಾಕಿ, ಖಚಿತವಿಲ್ಲದ ಊಹೆಗಾಗಿ ರೋಗಿಗಳನ್ನು ಬಿಟ್ಟುಬಂದದ್ದನ್ನು ಮಾತ್ರ ಪಾತ್ರಗಳ ಖಾತೆಗೆ.

ಕೊನೆಗೆ ಪಶ್ಚಾತ್ತಾಪ ಮತ್ತು ಪರಿಹಾರವನ್ನು ಬೇರೆ ಬೇರೆ ಇಡಿ. 'ಡ್ಯಾಮೇಜ್' (2004) ಕಂತಿನಲ್ಲಿ ಆರ್ಚರ್ ಇಲ್ಲಿರಿಯನ್ನರ ಹಡಗಿನಿಂದ, ಬೆಳಕಿಗಿಂತ ವೇಗವಾಗಿ ಸಾಗಲು ಬೇಕಾದ ವಾರ್ಪ್ ಕಾಯಿಲ್ ದೋಚುತ್ತಾನೆ. ನಾಚುತ್ತಾನೆ, ಒಂದಿಷ್ಟು ಸಾಮಗ್ರಿ ಬಿಟ್ಟು ಹೋಗುತ್ತಾನೆ, ಆದರೂ ಅವರ ಊರು ವರ್ಷಗಳ ದೂರದಲ್ಲೇ ಉಳಿಯುತ್ತದೆ. 'ಫಾರ್ ದ ಯೂನಿಫಾರ್ಮ್' (1997) ಕಂತಿನಲ್ಲಿ ಸ್ಟಾರ್‌ಫ್ಲೀಟ್ ಬಿಟ್ಟು ಮಾಕಿ ಎಂಬ ಬಂಡಾಯ ಗುಂಪು ಸೇರಿದ ಎಡಿಂಗ್‌ಟನ್ ಶರಣಾಗಲೆಂದು ಸಿಸ್ಕೊ ಮಾಕಿ ನೆಲೆಯೊಂದರ ಗಾಳಿಗೆ ವಿಷ ಬೆರೆಸುತ್ತಾನೆ, ಅಲ್ಲಿನವರು ಮನೆ ಬಿಡಬೇಕಾಗುತ್ತದೆ. ಅಲ್ಲಿ ನಾಚಿಕೆಯೂ ಇಲ್ಲ, ಮೇಲಿನವರ ಅನುಮತಿಯೂ ಇಲ್ಲ. ಇಂಥ ಕಂತಿನ ಮೇಲೆ ತೀರ್ಪು ಬರೆಯುವ ಮೊದಲು ಮುಂದಿನ ಎರಡು ಮೂರು ಕಂತುಗಳನ್ನೂ ನೋಡಿ, ಮನೆ ಬಿಟ್ಟವರ ಹೆಸರು ಯಾರ ಬಾಯಲ್ಲಾದರೂ ಬರುತ್ತದೆಯೇ ಎಂದು ಗಮನಿಸಿ.