ಮೂಳೆಗೆ ಹಾಕುವ ಟೈಟಾನಿಯಂ ಸ್ಕ್ರೂ: ಮೈಕ್ರೋಸ್ಕೋಪ್ ಕೆಳಗೆ ಇಡುವ ಮೊದಲು

ಸುರತ್ಕಲ್‌ನಲ್ಲಿ ಮೆಟಲರ್ಜಿ ಓದುವವರು, ಬೈಕಂಪಾಡಿಯಲ್ಲಿ ಕ್ವಾಲಿಟಿ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕೇಳುವ ಪ್ರಶ್ನೆ ಒಂದೇ. ಸ್ಟೀಲ್ ಪಾಲಿಶ್ ಮಾಡಿ ಅಭ್ಯಾಸ ಉಂಟು, ಟೈಟಾನಿಯಂ ಯಾಕೆ ಕೈಗೆ ಬಗ್ಗುವುದಿಲ್ಲ?

ಅದು ಜಿಗುಟು ಲೋಹ. ಹಳೆಯ ಎಮರಿ ಪೇಪರ್ ಅದನ್ನು ಕೊರೆಯುವುದಿಲ್ಲ, ಒರೆಸಿ ಹರಡುತ್ತದೆ. ಮೇಲೆ ಕನ್ನಡಿಯ ಹಾಗೆ ಹೊಳೆಯುತ್ತದೆ, ಅಡಿಯಲ್ಲಿ ಜಜ್ಜಿಹೋದ ಪದರ ಹಾಗೇ ಉಳಿದಿರುತ್ತದೆ. ಆಮೇಲೆ ಮೈಕ್ರೋಸ್ಕೋಪ್‌ನಲ್ಲಿ ನೀವು ನೋಡುವುದು ಸ್ಕ್ರೂವಿನ ಗುಣವನ್ನಲ್ಲ, ನಿಮ್ಮ ಕೈಯ ಗಾಯವನ್ನು. ಆ ಫೋಟೋ ನಂಬಿ ಒಂದು ಬ್ಯಾಚ್ ಪಾಸೋ ಫೇಲೋ ಮಾಡಿದರೆ ಅದು ಹೋಗಿ ಕೂರುವುದು ಯಾರದೋ ತೊಡೆಯ ಮೂಳೆಯಲ್ಲಿ. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಮೊದಲು ಕಟಿಂಗ್. ಸ್ಕ್ರೂವನ್ನು ಉದ್ದಕ್ಕೆ ಸೀಳಬೇಕು, ಥ್ರೆಡ್‌ನ ಬುಡ ಕಾಣಬೇಕು, ಯಾಕೆಂದರೆ ಬಿರುಕು ಶುರುವಾಗುವುದು ಹೆಚ್ಚಾಗಿ ಅಲ್ಲಿಂದಲೇ. ಟೈಟಾನಿಯಂನಲ್ಲಿ ಬಿಸಿ ಬೇಗ ಹರಿದು ಹೋಗುವುದಿಲ್ಲ, ಕತ್ತರಿಸಿದ ಜಾಗದಲ್ಲೇ ನಿಲ್ಲುತ್ತದೆ. ಕೂಲೆಂಟ್ ಧಾರಾಳವಾಗಿ ಬಿಡಿ, ಅವಸರ ಮಾಡಬೇಡಿ. ಒಣ ಗ್ರೈಂಡಿಂಗ್ ಬೇಡವೇ ಬೇಡ, ಇದರ ಸಣ್ಣ ಪುಡಿಗೆ ಬೆಂಕಿ ಹಿಡಿಯುತ್ತದೆ.

ಮೌಂಟಿಂಗ್‌ಗೆ, ಅಂದರೆ ತುಂಡನ್ನು ಪ್ಲಾಸ್ಟಿಕ್‌ನಲ್ಲಿ ಹುದುಗಿಸಲು, ಬಿಸಿಯಲ್ಲಿ ಒತ್ತುವ ಬೇಕಲೈಟ್ ಸುಲಭ, ನಿಜ. ಆದರೆ ಅಂಚು ನೋಡಬೇಕಾದಾಗ ನಾನು ಸುರಿದರೆ ತಾನೇ ಗಟ್ಟಿಯಾಗುವ ಎಪಾಕ್ಸಿಯನ್ನೇ ಹಾಕುತ್ತೇನೆ. ಟೈಟಾನಿಯಂ ಗಾಳಿಯಲ್ಲಿ ಜಾಸ್ತಿ ಬಿಸಿಯಾಗಿದ್ದರೆ ಹೊರಮೈ ಆಮ್ಲಜನಕ ಕುಡಿದು ಪೆಡಸಾಗುತ್ತದೆ, ಆಲ್ಫಾ ಕೇಸ್ ಅನ್ನುತ್ತಾರೆ. ಅಂಚು ದುಂಡಗಾದರೆ ಆ ಪದರ ಫೋಕಸ್‌ಗೇ ಸಿಗುವುದಿಲ್ಲ. ನಿಟಿನಾಲ್ (ನಿಕಲ್-ಟೈಟಾನಿಯಂ ಮಿಶ್ರಲೋಹ) ಸ್ಟೆಂಟ್ ಆದರೆ ಎಪಾಕ್ಸಿ ಬಿಟ್ಟು ಬೇರೆ ಯೋಚನೆ ಬೇಡ, ಆ ಲೋಹದ ರಚನೆ ಬಿಸಿಗೇ ಬದಲಾಗುವಂಥದ್ದು. ತುಂಡನ್ನು ಮೊದಲೇ ಚೆನ್ನಾಗಿ ತೊಳೆದು ಒಣಗಿಸಿ. ಎಣ್ಣೆ ಇದ್ದರೆ ಎಪಾಕ್ಸಿ ಅಂಟದೆ ಸಣ್ಣ ಸಂದು ಉಳಿಯುತ್ತದೆ, ಕೊನೆಗೆ ಹಾಕುವ ಆ್ಯಸಿಡ್ ಆ ಸಂದಿನಲ್ಲಿ ಕೂತು, ಆಮೇಲೆ ಹೊರಗೆ ಬಂದು ಇಡೀ ಮೈಗೆ ಕಲೆ ಮಾಡುತ್ತದೆ.

ಈಗ ಎಮರಿ ಪೇಪರ್. 320, 600, 800, 1200, ನಂಬರ್ ಹೆಚ್ಚಾದಷ್ಟೂ ನುಣುಪು, ನೀರು ಬಿಟ್ಟುಕೊಂಡೇ. ಪ್ರತಿ ಪೇಪರ್ ಬದಲಿಸಿದಾಗ ತುಂಡನ್ನು 90 ಡಿಗ್ರಿ ತಿರುಗಿಸಿ. ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ನೋಡಿ: ಹೊಸ ಗೀರುಗಳೆಲ್ಲ ಒಂದೇ ದಿಕ್ಕಿಗೆ, ಮಧ್ಯೆ ಎಲ್ಲೋ ಒಂದು ಹಳೆಯ ಗೀರು ಅಡ್ಡಕ್ಕೆ ಮಲಗಿದೆ ಅಲ್ವಾ? ಅದು ಹೋಗುವವರೆಗೆ ಅದೇ ಪೇಪರ್. ಹೋದ ಮೇಲೂ ಅಷ್ಟೇ ಹೊತ್ತು ಇನ್ನೊಮ್ಮೆ ಉಜ್ಜಿ, ಗೀರು ಮಾಯವಾದರೂ ಅದರ ಕೆಳಗಿನ ಪೆಟ್ಟು ಇನ್ನೂ ಇರುತ್ತದೆ. ಪೇಪರ್ ಸವೆದರೆ ಎಸೆಯಿರಿ. ಕಡೆಯುವ ಕಲ್ಲಿನಲ್ಲಿ ಮಸಾಲೆ ಅರೆದ ಹಾಗೆ ಭಾರ ಹಾಕಬೇಡಿ.

ಪೇಪರ್ ಆದ ಮೇಲೆ ಬಟ್ಟೆಯ ಮೇಲೆ ಡೈಮಂಡ್ ಪುಡಿಯ ಪಾಲಿಶ್. ಪ್ರತಿ ಹಂತದ ನಡುವೆ ತುಂಡು ತೊಳೆಯಿರಿ, ಕೈಯನ್ನೂ ತೊಳೆಯಿರಿ. ನಾನು ಕಲಿಯುತ್ತಿದ್ದ ಲ್ಯಾಬಿನಲ್ಲಿ 9 ಮೈಕ್ರಾನ್ ಡೈಮಂಡ್ ಆದ ಮೇಲೆ ಉಗುರಿನ ಸಂದು ನೋಡದೆ 3 ಮೈಕ್ರಾನ್ ಬಟ್ಟೆಗೆ ಹೋದೆ. ಎರಡು ದಿನ ಎಷ್ಟು ಉಜ್ಜಿದರೂ ಅದೇ ಗೀರು. ಕೊನೆಗೆ ಗೊತ್ತಾಯಿತು, ದಪ್ಪ ಕಣ ಬಟ್ಟೆಯಲ್ಲೇ ಕೂತಿತ್ತು. ಬಟ್ಟೆ ಬದಲಿಸಿದ ದಿನವೇ ಕೆಲಸ ಮುಗಿಯಿತು.

ಟೈಟಾನಿಯಂಗೆ 1 ಮೈಕ್ರಾನ್ ಡೈಮಂಡ್ ಮೇಲೆ ಗಂಟೆಗಟ್ಟಲೆ ಕೂರುವುದು ಸುಮ್ನೆ ದಂಡ. ಕೊಲಾಯ್ಡಲ್ ಸಿಲಿಕಾಕ್ಕೆ (ಅತಿ ಸಣ್ಣ ಸಿಲಿಕಾ ಕಣ ತೇಲುವ ದ್ರವ) ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ, ಹತ್ತು ಭಾಗದಲ್ಲಿ ಒಂದು ಭಾಗ ಸಾಕು. ಪೆರಾಕ್ಸೈಡ್ ಮೇಲ್ಮೈಯನ್ನು ಬದಲಿಸುತ್ತಾ ಹೋಗುತ್ತದೆ, ಸಿಲಿಕಾ ಅದನ್ನು ಒರೆಸುತ್ತಾ ಹೋಗುತ್ತದೆ. ಕೊನೆಯ 15 ಸೆಕೆಂಡು ಚಕ್ರ ತಿರುಗುತ್ತಿರುವಾಗಲೇ ಬರೀ ನೀರು ಬಿಡಿ, ಇಲ್ಲದಿದ್ದರೆ ಸಿಲಿಕಾ ಒಣಗಿ ಕಲ್ಲಾಗುತ್ತದೆ. ಆಗಿದೆಯೋ ಇಲ್ಲವೋ ತಿಳಿಯಲು ಪೋಲರೈಸ್ಡ್ ಬೆಳಕಿನಲ್ಲಿ ನೋಡಿ. ಎಚ್ ಮಾಡದೆಯೇ, ಅಂದರೆ ಆ್ಯಸಿಡ್‌ನಿಂದ ರಚನೆ ಎಬ್ಬಿಸದೆಯೇ, ಆಲ್ಫಾ (ಟೈಟಾನಿಯಂನ ಒಂದು ಸ್ಫಟಿಕ ರೂಪ) ಕಣಗಳು ಬೇರೆ ಬೇರೆ ಛಾಯೆಯಲ್ಲಿ ಎದ್ದು ಕಂಡರೆ ನಿಮ್ಮ ಪಾಲಿಶ್ ಸರಿ ಉಂಟು. ನನಗೆ ಇಡೀ ಕೆಲಸದಲ್ಲಿ ಇದೇ ಬಹಳ ಇಷ್ಟದ ಗಳಿಗೆ.

ಎಚ್ಚಿಂಗ್‌ಗೆ ಕ್ರೋಲ್ ದ್ರಾವಣ: ನೀರಿನಲ್ಲಿ ಸ್ವಲ್ಪ ನೈಟ್ರಿಕ್, ಅದಕ್ಕಿಂತ ಕಡಿಮೆ ಹೈಡ್ರೋಫ್ಲೋರಿಕ್ ಆ್ಯಸಿಡ್. ಈ ಎರಡನೆಯದಕ್ಕೆ ನಿಜವಾಗಿ ಹೆದರಿ. ನೀರು ಬೆರೆತು ತೆಳುವಾಗಿದ್ದಾಗ ಚರ್ಮಕ್ಕೆ ತಾಗಿದ ಕೂಡಲೇ ಉರಿಯುವುದಿಲ್ಲ, ಒಳಗೆ ಇಳಿದು ದೇಹದ ಕ್ಯಾಲ್ಸಿಯಂ ಹಿಡಿಯುತ್ತದೆ. ಫ್ಯೂಮ್ ಹುಡ್, ಸರಿಯಾದ ಗ್ಲೌಸ್, ಕನ್ನಡಕ, ಗಾಜಿನ ಬದಲು ಪ್ಲಾಸ್ಟಿಕ್ ಪಾತ್ರೆ, ಪಕ್ಕದಲ್ಲೇ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್. ಜೆಲ್ ಇಲ್ಲದ ಲ್ಯಾಬಿನಲ್ಲಿ ಬಾಟಲಿಯ ಮುಚ್ಚಳ ತೆಗೆಯಬೇಡಿ. ತಾಗಿದರೆ ನೀರಿನಲ್ಲಿ ತೊಳೆದು, ಜೆಲ್ ಹಚ್ಚಿ, ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಿ. ಮೊದಲ ಸಲ ಅನುಭವಿಗಳು ಪಕ್ಕದಲ್ಲಿ ಇರಲೇಬೇಕು. ತುಂಡು ಪೂರ್ತಿ ಒಣಗದೆ ಮೈಕ್ರೋಸ್ಕೋಪ್‌ಗೆ ಇಟ್ಟರೆ ಆ್ಯಸಿಡ್ ಆವಿ ಲೆನ್ಸನ್ನೇ ತಿನ್ನುತ್ತದೆ.

316ಎಲ್ ಸ್ಟೇನ್‌ಲೆಸ್ ಸ್ಟೀಲ್ ಪ್ಲೇಟ್‌ಗೆ ಈ ರಗಳೆ ಇಲ್ಲ, 10 ಶೇಕಡಾ ಆಕ್ಸಾಲಿಕ್ ಆ್ಯಸಿಡ್‌ನಲ್ಲಿ ಕರೆಂಟ್ ಕೊಟ್ಟು ಎಚ್ ಮಾಡಿದರೆ ಆಯಿತು.

ಇಂಪ್ಲಾಂಟ್‌ನ 6-4 ಟೈಟಾನಿಯಂಗೆ (6 ಶೇಕಡಾ ಅಲ್ಯೂಮಿನಿಯಂ, 4 ಶೇಕಡಾ ವನೇಡಿಯಂ) ಎಎಸ್‌ಟಿಎಂ ಎಫ್136 ಮಾನದಂಡ ಕೇಳುವುದು ಆಲ್ಫಾ, ಬೀಟಾ ಎಂಬ ಎರಡೂ ರೂಪ ನುಣ್ಣಗೆ ಹರಡಿರುವ ರಚನೆ. ಉದ್ದುದ್ದ ದಪ್ಪ ಆಲ್ಫಾ ಪಟ್ಟಿಗಳು ಕಂಡರೆ ಒಪ್ಪುವ ಹಾಗಿಲ್ಲ. ಅಂಚಿನ ಫೋಟೋ ಒಂದು, ನಡುವಿನದ್ದು ಒಂದು ತೆಗೆಯಿರಿ.

ಮುಗಿದ ತುಂಡಿನ ಮೇಲೆ ಆಲ್ಕೋಹಾಲ್ ಸುರಿದು ಡ್ರೈಯರ್‌ನಲ್ಲಿ ಒಣಗಿಸಿ, ಡೆಸಿಕೇಟರ್‌ನಲ್ಲಿ (ತೇವ ತಾಗದಂತೆ ಇಡುವ ಮುಚ್ಚಿದ ಪಾತ್ರೆ) ಇಡಿ. ನಮ್ಮ ಜೂನ್, ಜುಲೈ ಮಳೆಗೆ ಅದರೊಳಗಿನ ನೀಲಿ ಸಿಲಿಕಾ ಜೆಲ್ ಬೇಗ ಗುಲಾಬಿ ಆಗುತ್ತದೆ. ಬೆಳಿಗ್ಗೆ ಬಂದ ಕೂಡಲೇ ಅದನ್ನೊಮ್ಮೆ ನೋಡಿ, ಬಣ್ಣ ತಿರುಗಿದ್ದರೆ ಓವನ್‌ನಲ್ಲಿ ಒಣಗಿಸಿ ವಾಪಸ್ ಹಾಕಿ.