ಹಳೆ ಫ್ಯಾಕ್ಟರಿ ಜಾಗದಲ್ಲಿ ಸೈಟಾ? ಅಡ್ವಾನ್ಸ್ ಕೊಡೋ ಮುಂಚೆ ಮಣ್ಣಿನ ಜಾತಕ ನೋಡಿ

ನಮ್ಮ ಭಾವ ಎರಡು ವರ್ಷ ಸೈಟ್ ಹುಡುಕಿದರು. ಕೊನೆಗೆ ಒಂದು ಹಳೆ ಕೈಗಾರಿಕಾ ಪ್ರದೇಶದ ಬೆನ್ನಿಗೇ ಇದ್ದ 30x40 ಅಡಿಯ ಸೈಟ್ ಹಿಡಿಸಿತು. ರೇಟು ಸುತ್ತಮುತ್ತಲಿಗಿಂತ ಕಡಿಮೆ. ಖಾತೆ ಸರಿ, ಇ.ಸಿ. (ಋಣಭಾರ ಪತ್ರ) ಸರಿ, ವಕೀಲರೂ ಓಕೆ ಅಂದರು. ಪಕ್ಕದ ಮನೆಯ ಬೋರ್‌ವೆಲ್ ನೀರನ್ನು ಬಿಳಿ ಬಕೆಟ್‌ಗೆ ಹಿಡಿದಾಗ ಮಾತ್ರ ಅದು ತೆಳು ಹಳದಿ, ನಿಂಬೆ ಶರಬತ್ತಿನ ಹಾಗೆ. "ಕಬ್ಬಿಣದಂಶ ಸಾರ್, ಫಿಲ್ಟರ್ ಹಾಕಿದ್ರೆ ಹೋಗತ್ತೆ" ಅಂದರು ಬ್ರೋಕರ್. ಕಬ್ಬಿಣದ ನೀರನ್ನು ರಾತ್ರಿಯಿಡೀ ಇಟ್ಟರೆ ತಳದಲ್ಲಿ ಕೆಂಪು ಗಸಿ ಕೂರುತ್ತದೆ. ಇದು ಬೆಳಿಗ್ಗೆಯೂ ಹಾಗೇ ಇತ್ತು, ತಿಳಿಯಾಗಿ, ಹಳದಿಯಾಗಿ. ಹೆಕ್ಸಾವೇಲೆಂಟ್ ಕ್ರೋಮಿಯಂ ಅನ್ನೋ ವಿಷ ಲೋಹ ಜಾಸ್ತಿ ಕರಗಿದ ನೀರು ಹೀಗಿರುತ್ತದೆ. ಎಲೆಕ್ಟ್ರೋಪ್ಲೇಟಿಂಗ್‌ನಲ್ಲಿ, ಅಂದರೆ ಕರೆಂಟು ಹಾಯಿಸಿ ಲೋಹಕ್ಕೆ ಲೇಪ ಕೊಡುವ ಕೆಲಸದಲ್ಲಿ, ಕ್ರೋಮ್ ಲೇಪಕ್ಕೆ ಅದನ್ನು ಬಳಸುತ್ತಾರೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಸುತ್ತಮುತ್ತಲ ಅಂತರ್ಜಲದಲ್ಲಿ ಅದು ಸಿಕ್ಕಿರುವುದು ಹಳೆ ಸುದ್ದಿ.

ಮಾಸ್ಟರ್ ಪ್ಲಾನ್ ನೆಲದ ಮೇಲೆ ಏನು ಕಟ್ಟಬಹುದು ಅಂತ ಹೇಳುತ್ತದೆ. ನೆಲದ ಕೆಳಗೆ ಏನಿದೆ ಅಂತ ಹೇಳುವುದಿಲ್ಲ. ಆ ಕೆಲಸ ಸದ್ಯಕ್ಕೆ ನಮ್ಮ ನಿಮ್ಮದೇ. ಹೇಗೆ ಮಾಡುವುದು ಅಂತ ನೋಡೋಣ.

ಮೊದಲು: ಇಲ್ಲಿ ಏನಿತ್ತು?

ಇದಕ್ಕೆ ಹೆಚ್ಚು ದುಡ್ಡು ಬೇಕಿಲ್ಲ, ಸ್ವಲ್ಪ ಬಿಡುವು ಸಾಕು. ಇ.ಸಿ.ಯನ್ನು 30 ವರ್ಷಕ್ಕೆ ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಸಿಗದ ಹಳೆ ವರ್ಷಗಳಿಗೆ ಸಬ್ ರಿಜಿಸ್ಟ್ರಾರ್ ಆಫೀಸಿಗೇ ಹೋಗಬೇಕು. ಎಲ್ಲರೂ ಇ.ಸಿ.ಯಲ್ಲಿ ಸಾಲ ಇದೆಯಾ ಅಂತ ನೋಡುತ್ತಾರೆ, ನೀವು ಸಾಲ ಯಾರು ತಗೊಂಡಿದ್ದರು ಅಂತ ನೋಡಿ. "ಮೆಟಲ್ ಫಿನಿಷರ್ಸ್", "ಡೈಯಿಂಗ್", "ಬ್ಯಾಟರೀಸ್" ಅನ್ನೋ ಥರದ ಹೆಸರು 1990ರ ದಶಕದ ಅಡಮಾನದಲ್ಲಿ ಕಂಡರೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಸರ್ವೆ ನಂಬರನ್ನು ಸರ್ಕಾರದ ಸರ್ವೆ ನಕ್ಷೆ ತೋರಿಸುವ ದಿಶಾಂಕ್ ಆ್ಯಪ್‌ನಲ್ಲಿ ಹಾಕಿ, ಕೆರೆ, ರಾಜಕಾಲುವೆ ಎಷ್ಟು ಹತ್ತಿರ ಅಂತ ನೋಡಿಕೊಳ್ಳಿ. ಗೂಗಲ್ ಅರ್ಥ್‌ನಲ್ಲಿ ಹಳೆ ಉಪಗ್ರಹ ಚಿತ್ರಗಳನ್ನು ಹಿಂದಕ್ಕೆ ಸರಿಸುತ್ತಾ ಹೋದರೆ ಈಗ ಖಾಲಿ ಕಾಣುವ ಜಾಗದಲ್ಲಿ ಒಂದು ಕಾಲಕ್ಕೆ ಶೆಡ್ಡು, ಕಪ್ಪು ಕಲೆಯ ಹೊಂಡ, ಸಾಲಾಗಿ ಜೋಡಿಸಿದ ಡ್ರಮ್ಮು ಕಾಣಿಸಬಹುದು. ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಆಮೇಲೆ ಆ ಬೀದಿಯ ಹಳೆ ಟೀ ಅಂಗಡಿಗೆ ಹೋಗಿ. ಇದು ತಮಾಷೆಯಲ್ಲ. ಯಾವ ಗೇಟಿನಿಂದ ರಾತ್ರಿ ಟ್ಯಾಂಕರ್ ಹೋಗುತ್ತಿತ್ತು, ಹೊಂಡ ಮುಚ್ಚಿದ್ದು ಯಾವಾಗ, ಎಲ್ಲಿಂದ ಮಣ್ಣು ತಂದು ತುಂಬಿದರು, ಇದೆಲ್ಲ ಯಾವ ಫೈಲಿನಲ್ಲೂ ಇರಲ್ಲ, ಟೀ ಅಂಗಡಿಯವರ ನೆನಪಿನಲ್ಲಿ ಇರುತ್ತದೆ. ತುಂಬಿದ ಮಣ್ಣಿನ ಬಗ್ಗೆ ಖಂಡಿತ ಕೇಳಿ. ಫೌಂಡ್ರಿಯಿಂದ (ಲೋಹದ ಎರಕದ ಕಾರ್ಖಾನೆ) ಬಂದ ಕರಿ ಮರಳನ್ನು ಪುಕ್ಕಟೆ ಸಿಕ್ಕಿತೆಂದು ಸೈಟ್ ಎತ್ತರಿಸಲು ಸುರಿದಿರುತ್ತಾರೆ.

ನಕ್ಷೆಯ ಬಣ್ಣ

ಬೆಂಗಳೂರಿನಲ್ಲಿ ಇವತ್ತಿಗೂ ನಡೆಯುತ್ತಿರುವುದು 2015ರ ಪರಿಷ್ಕೃತ ಮಾಸ್ಟರ್ ಪ್ಲಾನ್. ಹಳದಿ ಅಂದರೆ ವಸತಿ, ನೇರಳೆ ಅಂದರೆ ಕೈಗಾರಿಕೆ. ಇಲ್ಲಿ ಜನ ಎರಡು ವಿಷಯ ಬೆರೆಸಿಕೊಂಡು ಮೋಸ ಹೋಗುತ್ತಾರೆ. ಡಿ.ಸಿ. ಕನ್ವರ್ಷನ್ ಆಗುವುದು ಭೂ ಕಂದಾಯ ಕಾಯ್ದೆ 1964ರ 95ನೇ ಸೆಕ್ಷನ್‌ನಲ್ಲಿ, ಅದು ಕೃಷಿ ಜಮೀನನ್ನು ಬೇರೆ ಬಳಕೆಗೆ ತರುವುದಕ್ಕೆ. ಮಾಸ್ಟರ್ ಪ್ಲಾನ್‌ನ ನೇರಳೆಯನ್ನು ಹಳದಿ ಮಾಡುವುದು ಬೇರೆಯೇ ಕೆಲಸ, ಅದು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 14ಎ ಸೆಕ್ಷನ್‌ನಲ್ಲಿ ನಡೆಯುತ್ತದೆ. "ಕನ್ವರ್ಷನ್ ಆಗಿದೆ ಸಾರ್" ಅಂದ ತಕ್ಷಣ ಖುಷಿ ಪಡಬೇಡಿ, ಯಾವುದು ಅಂತ ಕೇಳಿ, ಆದೇಶದ ಪ್ರತಿ ಕೇಳಿ.

14ಎ ಬದಲಾವಣೆಗೆ ಪತ್ರಿಕೆಯಲ್ಲಿ ನೋಟಿಸ್ ಕೊಟ್ಟು ಆಕ್ಷೇಪಣೆ ಕರೆಯಬೇಕು. ಆ ಪುಟ್ಟ ನೋಟಿಸನ್ನು ಯಾರೂ ಓದಲ್ಲ ಅಲ್ವಾ? ಓದಿ. ನಿಮ್ಮ ಪಕ್ಕದ ಹಳೆ ಫ್ಯಾಕ್ಟರಿ ಜಾಗ ಅಪಾರ್ಟ್‌ಮೆಂಟ್ ಆಗುವುದಿದ್ದರೆ, "ಮಣ್ಣು ಮತ್ತು ಅಂತರ್ಜಲದ ಪರೀಕ್ಷೆ ಆಗಿದೆಯಾ, ವರದಿ ಎಲ್ಲಿ" ಅಂತ ಲಿಖಿತವಾಗಿ ಕೇಳುವ ಅವಕಾಶ ಅದೇ. ಒಂದು ಹಾಳೆ ಸಾಕು, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಬ್ರಿಟನ್ನಿನಲ್ಲಿ ಇದೇ ಪ್ರಶ್ನೆಯನ್ನು ಸ್ಥಳೀಯ ಪಾಲಿಕೆಯೇ ಕೇಳುತ್ತದೆ. ಜಾಗದ ಮೇಲೆ ಅನುಮಾನವಿದ್ದರೆ ಮೊದಲು ಕಾಗದಪತ್ರದ ಅಧ್ಯಯನ, ಆಮೇಲೆ ಅಗೆದು ಪರೀಕ್ಷೆ, ಆಮೇಲೆ ಶುದ್ಧ ಮಾಡುವ ಯೋಜನೆ, ಕೊನೆಗೆ ಶುದ್ಧವಾಗಿದೆ ಅನ್ನೋ ಪರಿಶೀಲನಾ ವರದಿ. ಇವನ್ನು ಪರವಾನಗಿಯ ಷರತ್ತುಗಳಾಗಿಯೇ ಹಾಕುತ್ತಾರೆ. ಸಾಮಾನ್ಯವಾಗಿ ಕೊನೆಯ ವರದಿ ಒಪ್ಪಿಗೆಯಾಗುವ ತನಕ ಮನೆಯಲ್ಲಿ ವಾಸ ಮಾಡುವಂತಿಲ್ಲ. ನಮ್ಮಲ್ಲಿ ಪ್ಲಾನ್ ಸ್ಯಾಂಕ್ಷನ್‌ಗೆ ಮಳೆನೀರು ಕೊಯ್ಲು ಕೇಳುತ್ತಾರೆ, ಸೆಟ್‌ಬ್ಯಾಕ್ ಅಳೆಯುತ್ತಾರೆ. ನಮ್ಮ ಭಾವನ ಸೈಟಿನ ಮಣ್ಣಿನ ಬಗ್ಗೆ ಮಾತ್ರ ಯಾರೂ ತುಟಿ ಬಿಚ್ಚಲಿಲ್ಲ.

ಮಂಡಳಿಯ ಫೈಲ್ ತೆಗೆಸಿ

ಮಾಲಿನ್ಯ ಮಾಡುವ ಯಾವ ಕಾರ್ಖಾನೆಯೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಇಲ್ಲದೆ ನಡೆಯುವಂತಿಲ್ಲ. ಅಪಾಯಕಾರಿ ತ್ಯಾಜ್ಯ ಇದ್ದರೆ ಅದಕ್ಕೆ ಪ್ರತ್ಯೇಕ ಅನುಮತಿ ಇರಬೇಕು, ವರ್ಷಕ್ಕೊಮ್ಮೆ ಲೆಕ್ಕ ಕೊಡಬೇಕು. ಇದೆಲ್ಲ ಆರ್‌ಟಿಐನಲ್ಲಿ ಕೇಳಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದೊಳಗೆ. ಹಾಗಾಗಿ ಪುರಾಣ ಬರೆಯಬೇಡಿ. ಕಾರ್ಖಾನೆಯ ಹೆಸರು, ಪ್ಲಾಟ್ ನಂಬರ್ ಹಾಕಿ ಇಷ್ಟು ಕೇಳಿ: ಸಮ್ಮತಿ ಪತ್ರಗಳ ಪ್ರತಿ, ಅಪಾಯಕಾರಿ ತ್ಯಾಜ್ಯದ ವಾರ್ಷಿಕ ಲೆಕ್ಕ, ಕೊಟ್ಟ ನೋಟಿಸ್‌ಗಳು, ಮುಚ್ಚಿದಾಗ ಮಾಡಿದ ಸ್ಥಳ ತಪಾಸಣೆಯ ವರದಿ. ವರ್ಷಕ್ಕೆ ಇಷ್ಟು ಟನ್ ಕೆಸರು ಉತ್ಪತ್ತಿ ಅಂತ ಇದ್ದು, ಹೊರಗೆ ಕಳಿಸಿದ ದಾಖಲೆ ಅದಕ್ಕಿಂತ ತುಂಬಾ ಕಡಿಮೆ ಇದ್ದರೆ, ಉಳಿದದ್ದು ಎಲ್ಲಿಗೆ ಹೋಯಿತು ಅಂತ ಯೋಚಿಸಿ. ಎಷ್ಟೋ ಸಲ ಅದು ನಿಮ್ಮ ಕಾಲ ಕೆಳಗೇ ಇರುತ್ತದೆ.

ಅಗೆಯಿರಿ, ಆದರೆ ಎಲ್ಲೆಂದರಲ್ಲಿ ಅಲ್ಲ

ಮೇಲಿನದ್ದರಲ್ಲಿ ಅನುಮಾನ ಬಂದರೆ ಮಾತ್ರ ಇಲ್ಲಿ ಖರ್ಚು ಮಾಡಿ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್ ಹುಡುಕಿ. ಸುಮ್ನೆ "ಮಣ್ಣು ಪರೀಕ್ಷೆ" ಅಂದರೆ ಪಿಲ್ಲರ್ ಎಷ್ಟು ಭಾರ ತಡೆಯುತ್ತದೆ ಅನ್ನೋ ವರದಿ ಕೊಡುತ್ತಾರೆ, ಇಲ್ಲವಾದರೆ ಟೊಮೆಟೊಗೆ ಎಷ್ಟು ಗೊಬ್ಬರ ಅಂತ! ಏನು ಹುಡುಕಬೇಕು ಅಂತ ನೀವೇ ಹೇಳಬೇಕು. ಪ್ಲೇಟಿಂಗ್ ಇತ್ತಾ, ಹಾಗಾದರೆ ಕ್ರೋಮಿಯಂ, ನಿಕಲ್, ಸಯನೈಡ್. ಹಳೆ ಬ್ಯಾಟರಿ ಒಡೆಯುತ್ತಿದ್ದರಾ, ಸೀಸ. ಗ್ಯಾರೇಜ್ ಅಥವಾ ಪೆಟ್ರೋಲ್ ಬಂಕ್ ಆಗಿದ್ದರೆ ಎಣ್ಣೆಯಂಶ.

ಹಳೆ ಹೊಂಡ, ಡ್ರಮ್ ಇಟ್ಟ ಮೂಲೆ, ಟ್ರಾನ್ಸ್‌ಫಾರ್ಮರ್ ಕಟ್ಟೆ, ಚರಂಡಿ ಬಾಯಿ, ಇಲ್ಲೆಲ್ಲ ಬೇರೆ ಬೇರೆ ಸ್ಯಾಂಪಲ್ ತೆಗೆಸಿ. ಮೇಲ್ಮಣ್ಣು ಒಂದು, ತುಂಬಿದ ಮಣ್ಣು ಮುಗಿದು ಮೂಲ ಮಣ್ಣು ಶುರುವಾಗುವಲ್ಲಿ ಇನ್ನೊಂದು. ಎಲ್ಲ ಒಂದೇ ಬಾಂಡ್ಲಿಗೆ ಹಾಕಿ ಕಲಸಿ ಒಂದು ಪೊಟ್ಟಣ ಮಾಡಿದರೆ ಕೆಟ್ಟದ್ದು ಒಳ್ಳೆಯದರಲ್ಲಿ ಕರಗಿ ರಿಪೋರ್ಟು ಚೆನ್ನಾಗಿ ಬರುತ್ತದೆ, ಮಾರುವವರಿಗೆ ಬೇಕಿರುವುದೂ ಅದೇ. ದೂರದ ಹೊಲದಿಂದ ಒಂದು ಸ್ಯಾಂಪಲ್ ಕೊಡಿ, ಹೋಲಿಸಲು ಬೇಕು. ನೀರಿನ ಪರೀಕ್ಷೆ ಮರೆಯಬೇಡಿ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ, ಸೀಸ 0.01 ಮಿಲಿಗ್ರಾಂ ಮೀರಬಾರದು. ಕುದಿಸಿದರೆ ಇವು ಹೋಗಲ್ಲ.

ಸಿಕ್ಕಿತು, ಮುಂದೇನು?

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಸ್ಥಳಗಳ ನಿರ್ವಹಣೆಗೆ ಅಂತಲೇ ನಿಯಮ ತಂದಿದೆ. ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಅನುಮಾನದ ಜಾಗಗಳ ಪಟ್ಟಿ ಕೊಡಬೇಕು, ರಾಜ್ಯ ಮಂಡಳಿ 90 ದಿನದಲ್ಲಿ ಪ್ರಾಥಮಿಕ ಪರಿಶೀಲನೆ ಮಾಡಬೇಕು, ಹಾಳು ಮಾಡಿದವರೇ ಖರ್ಚು ಕೊಡಬೇಕು. ಹಾಗಾಗಿ ನಿಮ್ಮ ಲ್ಯಾಬ್ ವರದಿ ಜೊತೆಗೆ ಜಿಲ್ಲಾಧಿಕಾರಿಗೂ ಮಂಡಳಿಗೂ ಒಂದೊಂದು ಪತ್ರ ಹಾಕಿ. ಒಂದು ತೊಡಕಿದೆ. ಗಣಿಗಾರಿಕೆ, ಕಸದ ಡಂಪ್‌ನ ಘನತ್ಯಾಜ್ಯ ಇವನ್ನು ನಿಯಮ ಹೊರಗಿಟ್ಟಿದೆ, ಬೇರೆ ವಿಷವೂ ಬೆರೆತು ಮಿತಿ ಮೀರಿದರೆ ಮಾತ್ರ ಒಳಗೆ ಬರುತ್ತದೆ. 2001ರಲ್ಲಿ ಗಣಿ ಮುಚ್ಚಿದರೂ ಕೆಜಿಎಫ್‌ನಲ್ಲಿ ಚಿನ್ನ ತೆಗೆದು ಉಳಿದ ಗಣಿ ತ್ಯಾಜ್ಯದ ಸಯನೈಡ್ ಗುಡ್ಡಗಳು ಈಗಲೂ ಊರ ನಡುವೆ ನಿಂತಿವೆ. ಬೇಸಿಗೆ ಗಾಳಿಗೆ ಧೂಳು ತಿನ್ನುವ ಅಲ್ಲಿನವರಿಗೆ ಈ ವಿನಾಯಿತಿ ಓದಿ ಏನನ್ನಿಸಬೇಕು ಹೇಳಿ.

ಶುದ್ಧ ಮಾಡುವುದಕ್ಕೆ ಇರುವುದು ಮೂರೇ ದಾರಿ. ವಿಷವನ್ನೇ ತೆಗೆಯುವುದು, ಅದು ನಮ್ಮ ತನಕ ಬರುವ ದಾರಿ ಮುಚ್ಚುವುದು, ಇಲ್ಲವೇ ಅಲ್ಲಿ ಜನರನ್ನೇ ಇರಿಸದಿರುವುದು. ಕೆಟ್ಟ ಮಣ್ಣು ತೆಗೆದರೆ ಅದು ಹೋಗಬೇಕಾದ್ದು ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿರುವಂಥ ಅಧಿಕೃತ ಘಟಕಕ್ಕೆ, ಪಕ್ಕದ ಕೆರೆಯಂಗಳಕ್ಕಲ್ಲ. ಪೂರ್ತಿ ತೆಗೆಯಲು ಆಗದಿದ್ದರೆ ಮೇಲೆ ಜೇಡಿ, ಕಾಂಕ್ರೀಟ್ ಹೊದಿಕೆ ಹಾಕಿ ಪಾರ್ಕಿಂಗ್ ಮಾಡಬಹುದು. ಬೋರ್‌ವೆಲ್ ಬೇಡ, ಸೊಪ್ಪಿನ ಮಡಿಯೂ ಬೇಡ.

ತೆಗೆಯುವ ಕೆಲಸವೇ ಅಪಾಯವಾಗಬಹುದು. ಇಂಗ್ಲೆಂಡಿನ ಕಾರ್ಬಿ ಊರಿನಲ್ಲಿ ಹಳೆ ಉಕ್ಕಿನ ಕಾರ್ಖಾನೆ ಜಾಗವನ್ನು ಶುದ್ಧ ಮಾಡಲು ಹೋಗಿ, ಸರಿಯಾಗಿ ಮುಚ್ಚದ ಲಾರಿಗಳಲ್ಲಿ ವಿಷದ ಕೆಸರು ಊರೊಳಗೆ ಸಾಗಿಸಿದರು. ಆ ವರ್ಷಗಳಲ್ಲಿ ಅಲ್ಲಿನ ಹಲವು ಮಕ್ಕಳು ಕೈಕಾಲಿನ ಊನದೊಂದಿಗೆ ಹುಟ್ಟಿದರು. 2009ರಲ್ಲಿ ಹೈಕೋರ್ಟ್ ಪಾಲಿಕೆಯದೇ ನಿರ್ಲಕ್ಷ್ಯ ಎಂದಿತು, ಮರುವರ್ಷ ಪಾಲಿಕೆ ಪರಿಹಾರಕ್ಕೆ ಒಪ್ಪಿತು. ಅದಕ್ಕೇ ಲಾರಿಗೆ ಟಾರ್ಪಾಲ್, ನೆಲಕ್ಕೆ ನೀರು, ಚಕ್ರ ತೊಳೆಯುವ ಜಾಗ ಇಲ್ಲದೆ ಒಂದು ಬುಟ್ಟಿ ಮಣ್ಣೂ ಆಚೆ ಹೋಗಕೂಡದು.

ಕರಾರಿನಲ್ಲಿ ಒಂದು ಸಾಲು

ಅಡ್ವಾನ್ಸ್ ಸಣ್ಣದಾಗಿ ಕೊಡಿ. ಮಣ್ಣು, ನೀರಿನ ವರದಿ ಮಿತಿಯೊಳಗೆ ಬಂದರೆ ಮಾತ್ರ ಮುಂದುವರಿಕೆ, ಇಲ್ಲವಾದರೆ ಪೂರ್ತಿ ವಾಪಸ್ ಅಂತ ಅಗ್ರಿಮೆಂಟಿನಲ್ಲೇ ಬರೆಸಿ. ಮಾಲೀಕರು ಮುಖ ಸಿಂಡರಿಸಬಹುದು. ಭಾವನ ಮಾಲೀಕರು "ಇದೇನ್ ಸಾರ್, ಮಣ್ಣಿಗೂ ಗ್ಯಾರಂಟಿ ಕೇಳ್ತೀರಲ್ಲ" ಅಂತ ನಕ್ಕರು, ಸಹಿ ಮಾತ್ರ ಹಾಕಲಿಲ್ಲ. ಭಾವನೂ ಹಾಕಲಿಲ್ಲ.

ಈಗಾಗಲೇ ಕೊಂಡಾಗಿದೆ, ಪಾಯ ತೆಗೆಸುತ್ತಿದ್ದೀರಿ ಅಂದರೆ ಮೇಸ್ತ್ರಿಗೆ ಮೊದಲೇ ಹೇಳಿಡಿ. ಕಪ್ಪಗೆ ಜಿಡ್ಡು ಮಣ್ಣು, ಹಸಿರು ಹಳದಿ ಪಟ್ಟೆ, ಸೀಮೆಎಣ್ಣೆ ವಾಸನೆ, ಹೂತ ಡ್ರಮ್ಮು, ಏನು ಕಂಡರೂ ಜೆಸಿಬಿ ನಿಲ್ಲಿಸಿ, ಕೆಲಸದವರನ್ನು ಗುಂಡಿಯಿಂದ ಮೇಲೆ ಕರೆಯಿರಿ, ಫೋಟೋ ತೆಗೆದು ಗುಂಡಿಗೆ ಟಾರ್ಪಾಲ್ ಮುಚ್ಚಿಸಿ, ಆಮೇಲೆ ಲ್ಯಾಬಿಗೆ ಫೋನ್ ಮಾಡಿ. ಆ ದಿನದ ಕೂಲಿ ಮಾತ್ರ ಪೂರ್ತಿ ಕೊಟ್ಟುಬಿಡಿ. ಕೂಲಿ ಕಟ್ ಆಗುತ್ತದೆ ಅಂದರೆ ಮುಂದಿನ ಸಲ ಯಾರೂ ನಿಮಗೆ ಹೇಳಲ್ಲ, ಮುಚ್ಚಿ ಸುಮ್ಮನಾಗುತ್ತಾರೆ.