ತುದಿ ಮುರಿಯದ ಹರಳು: ಆರಿಸುವುದು, ತೊಳೆಯುವುದು, ಇಡುವುದು

ಲಾಲ್‌ಬಾಗಿನ ಬಂಡೆ ಹತ್ತಿದಾಗ ಸ್ವಲ್ಪ ಬಗ್ಗಿ ನೋಡಿ. ಬೂದು ಕಲ್ಲಿನ ನಡುವೆ ಬಿಳಿ ಪಟ್ಟಿಗಳು ಓಡಿವೆ. ಅಲ್ಲಿ ಬೆಣಚುಕಲ್ಲು, ಅಂದರೆ ಕ್ವಾರ್ಟ್ಜ್, ಬೇಕಾದಷ್ಟಿದೆ, ಚೂಪು ತುದಿಯ ಹರಳು ಮಾತ್ರ ಕಾಣುವುದಿಲ್ಲ. ಹರಳಿಗೆ ಸಪಾಟಾದ ಮುಖ ಮೂಡಬೇಕಾದರೆ ಸುತ್ತ ಖಾಲಿ ಜಾಗ ಬೇಕು. ಸುಮಾರು 300 ಕೋಟಿ ವರ್ಷ ಹಳೆಯ ಈ ಬಂಡೆಯಲ್ಲಿ ಕಣಗಳೆಲ್ಲ ಒತ್ತೊತ್ತಾಗಿಯೇ ಬೆಳೆದವು.

ಆಲ್ಪ್ಸ್ ಪರ್ವತಗಳಲ್ಲಿ ಆ ಜಾಗ ಸಿಕ್ಕಿತು. ಬೆಟ್ಟ ಮೇಲೇಳುವಾಗ ಬಂಡೆ ಸೀಳಿತು, ಸೀಳಿನಲ್ಲಿ ಬಿಸಿನೀರು ತುಂಬಿತು. ಆ ನೀರು ಅಕ್ಕಪಕ್ಕದ ಕಲ್ಲನ್ನೇ ಕರಗಿಸಿಕೊಂಡು, ನಿಧಾನವಾಗಿ ತಣಿಯುತ್ತಾ, ಗೋಡೆಗಳ ಮೇಲೆ ಹರಳು ಕಟ್ಟಿತು. ಹೊಗೆಬಣ್ಣದ ಬೆಣಚು, ಗುಲಾಬಿ ಫ್ಲೋರೈಟ್, ಹಾಲುಬಣ್ಣದ ಅಡುಲೇರಿಯಾ, ದಳದಳವಾಗಿ ಅರಳಿದ ಹೆಮಟೈಟ್ ಎಂಬ ಕಬ್ಬಿಣದ ಅದಿರು. ಈ ಕೊನೆಯದನ್ನು ಅಲ್ಲಿ ‘ಕಬ್ಬಿಣದ ಗುಲಾಬಿ’ ಅಂತಲೇ ಕರೆಯುತ್ತಾರೆ.

ಸ್ವಿಟ್ಜರ್ಲೆಂಡಿನಲ್ಲಿ ಹರಳು ಹುಡುಕುವವರಿಗೆ ಸ್ಟ್ರಾಲರ್ ಎಂದು ಹೆಸರು. ಅವರ ಕಣ್ಣು ಮೊದಲು ಹೋಗುವುದು ಬಂಡೆಯ ಮೇಲಿನ ಬೆಣಚಿನ ಪಟ್ಟಿಗೆ, ಅದರ ಪಕ್ಕದಲ್ಲಿ ಬಣ್ಣ ಕಳೆದುಕೊಂಡು ತೂತುತೂತಾದ ಕಲ್ಲಿಗೆ. ಸೀಳು ಸಿಕ್ಕರೆ ಒಳಗೆ ಎಷ್ಟೋ ಸಲ ಕ್ಲೋರೈಟ್ ಎಂಬ ಹಸಿರು ಖನಿಜದ ಮರಳು ತುಂಬಿರುತ್ತದೆ. ಅದನ್ನು ಕೈಯಿಂದಲೇ ಮೆಲ್ಲಗೆ ಕೆದಕಿ ಹರಳು ತೆಗೆಯುತ್ತಾರೆ. 2005ರಲ್ಲಿ ಉರಿ ಪ್ರಾಂತ್ಯದ ಪ್ಲಾಂಗೆನ್‌ಸ್ಟಾಕ್ ಬೆಟ್ಟದಲ್ಲಿ ಸಿಕ್ಕ ದೈತ್ಯ ಹರಳುಗಳು ಈಗ ಬರ್ನ್ ನಗರದ ಮ್ಯೂಸಿಯಂನಲ್ಲಿವೆ. ಉರಿಯಲ್ಲಿ ಹೀಗೆ ಹುಡುಕಲು ಪರವಾನಗಿ ಬೇಕು. ನಮ್ಮಲ್ಲೂ ಅಷ್ಟೇ, ಜಾಗದವರನ್ನು ಕೇಳದೆ ಸುತ್ತಿಗೆ ಎತ್ತಬೇಡಿ. ಲಾಲ್‌ಬಾಗಿನ ಬಂಡೆಯಂತೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಅದನ್ನು ಮುಟ್ಟುವ ಮಾತೇ ಇಲ್ಲ.

ಬೆಂಗಳೂರಿನಲ್ಲಿ ಕೂತು ಸಂಗ್ರಹ ಶುರು ಮಾಡುವವರಿಗೆ ನನ್ನ ಸಲಹೆ ಹಿಮಾಚಲದ ಕುಲ್ಲು ಕಡೆಯ ಬೆಣಚು. ಅದೂ ಇದೇ ಬಗೆಯ ಸೀಳುಗಳಲ್ಲಿ ಹುಟ್ಟಿದ್ದು. ಕೆಲವದರೊಳಗೆ ಹಸಿರು ಕ್ಲೋರೈಟ್ ಪಾಚಿಯಂತೆ ಸಿಕ್ಕಿಕೊಂಡಿರುತ್ತದೆ.

ಕೊಳ್ಳುವಾಗ ಮೊದಲು ತುದಿ ನೋಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಜೇಬಿನಲ್ಲಿರಲಿ. ತುದಿ ಚಕ್ಕೆ ಎದ್ದಿರುವ ದೊಡ್ಡ ಹರಳಿಗಿಂತ ತುದಿ ಸರಿಯಿರುವ ಚಿಕ್ಕದೇ ಮೇಲು. ಆಮೇಲೆ ಪಕ್ಕದ ಮುಖಗಳನ್ನು ನೋಡಿ. ಬೆಣಚಿನ ಹರಳಿನ ಮೈಮೇಲೆ ಉದ್ದಕ್ಕಲ್ಲ, ಅಡ್ಡಡ್ಡ ಸಣ್ಣ ಗೆರೆಗಳಿರುತ್ತವೆ. ಧ್ಯಾನಕ್ಕೆ ಅಂತ ಮಾರುವ ನುಣುಪಾದ ಕಡ್ಡಿಗಳಲ್ಲಿ ಅವು ಇರುವುದಿಲ್ಲ, ಯಾಕೆಂದರೆ ಅವನ್ನು ಕೊಯ್ದು ಉಜ್ಜಿರುತ್ತಾರೆ. ಹರಳು ಕಲ್ಲಿಗೆ ಸೇರುವ ಬುಡವನ್ನೂ ನೋಡದೆ ಬಿಡಬೇಡಿ, ಮುರಿದ ಹರಳನ್ನು ಅಂಟಿಸಿ ಮಾರುವುದೂ ಉಂಟು. ನೋಟು ಪರೀಕ್ಷಿಸುವ ನೇರಳೆ ದೀಪ ಹಿಡಿದರೆ ಎಷ್ಟೋ ಸಲ ಅಂಟು ನೀಲಿಯಾಗಿ ಹೊಳೆದು ಸಿಕ್ಕಿಬೀಳುತ್ತದೆ.

ಕೊನೆಗೆ ಊರು ಕೇಳಿ. ‘ಹಿಮಾಲಯದ್ದು’ ಅಂದರೆ ಸಾಲದು. ಯಾವ ಕಣಿವೆ, ಯಾವ ಹಳ್ಳಿ? ಊರು ಗೊತ್ತಿಲ್ಲದ ಹರಳು ನೋಡಲು ಚೆಂದ, ಸಂಗ್ರಹಕ್ಕೆ ಅರ್ಧವೇ ಬಂದಂತೆ. ಇದರಲ್ಲಿ ನಾನು ಸ್ವಲ್ಪ ಹಟಮಾರಿ.

ತೊಳೆಯುವುದಕ್ಕೆ ಮೆತ್ತನೆ ಹಲ್ಲುಜ್ಜುವ ಬ್ರಷ್, ತಣ್ಣೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಬಿಸಿನೀರು ಖಂಡಿತ ಬೇಡ. ಒಮ್ಮೆ ಚಳಿಗಾಲದಲ್ಲಿ ಗೀಸರ್ ನೀರು ಬಿಟ್ಟೆ, ಕೈಯಲ್ಲೇ ಟಕ್ ಅಂತ ಬಿರುಕು ಬಿತ್ತು. ಆ ಹರಳನ್ನು ಇಂದಿಗೂ ಬಿಸಾಡಲು ಮನಸ್ಸು ಬಂದಿಲ್ಲ. ಒಳಗೆ ಸಿಕ್ಕಿಕೊಂಡ ನೀರಿನ ಸಣ್ಣ ಗುಳ್ಳೆಗಳಿರುವ ಹರಳಿಗೆ ಬಿಸಿ ತಡೆಯುವುದಿಲ್ಲ. ನಮ್ಮ ಬೋರ್‌ವೆಲ್ ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ಹಾಗಾಗಿ ಕೊನೆಯ ಸಲ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಜಾಲಿಸಿ. ತುಕ್ಕಿನ ಕಲೆ ತೆಗೆಯಲು ಕೆಲವರು ಆಕ್ಸಾಲಿಕ್ ಆಸಿಡ್ ಬಳಸುತ್ತಾರೆ. ಅದು ವಿಷ, ಜೊತೆಗೆ ಕ್ಯಾಲ್ಸೈಟ್ ಹರಳನ್ನು ಹಾಳು ಮಾಡುತ್ತದೆ. ಹೊಸಬರು ಅದರ ತಂಟೆಗೆ ಹೋಗದಿರುವುದೇ ಒಳ್ಳೆಯದು. ಹಸಿರು ಕ್ಲೋರೈಟ್ ಪುಡಿಯನ್ನೂ ಪೂರ್ತಿ ಉಜ್ಜಬೇಡಿ. ಹರಳು ಮಲಗಿದ್ದ ಹಾಸಿಗೆ ಅದು, ಅಲ್ವಾ?

ಈಗ ಚೀಟಿ. ಹರಳಿನ ಹೆಸರು, ಊರು, ತಂದ ದಿನ, ಯಾರಿಂದ ಬಂತು, ಎಷ್ಟು ಕೊಟ್ಟಿರಿ, ಎಲ್ಲ ಬರೆಯಿರಿ. ಬುಡದಲ್ಲಿ ಬಿಳಿ ಬಣ್ಣದ ಚುಕ್ಕೆ ಹಚ್ಚಿ ಅದರ ಮೇಲೆ ನಂಬರ್ ಹಾಕಿ, ಅದೇ ನಂಬರ್ ಚೀಟಿಯಲ್ಲೂ ಇರಲಿ. ಹಳೆಯ ಚೀಟಿ ಜೊತೆಗೆ ಬಂದಿದ್ದರೆ ಎಷ್ಟೇ ಹರಿದಿದ್ದರೂ ಇಟ್ಟುಕೊಳ್ಳಿ.

ಇಡಲು ಖಾಲಿ ಸ್ವೀಟ್ ಬಾಕ್ಸ್ ಆಗುತ್ತದೆ. ಹತ್ತಿ ಮಾತ್ರ ಹಾಕಬೇಡಿ, ಎಳೆಗಳು ಸಣ್ಣ ಹರಳಿಗೆ ಸಿಕ್ಕಿ ಎಳೆದಾಗ ಮುರಿಯುತ್ತದೆ. ಟಿಶ್ಯೂ ಪೇಪರ್ ವಾಸಿ. ಬಿಸಿಲು ಬೀಳುವ ಕಿಟಕಿಯ ಬಳಿ ಇಡಬೇಡಿ, ಕೆಲವು ಫ್ಲೋರೈಟ್ ಮತ್ತು ಹೊಗೆಬಣ್ಣದ ಬೆಣಚು ಮಂಕಾಗುತ್ತವೆ. ಕಪಾಟಿನ ಕೆಳಗಿನ ಖಾನೆಯೇ ಸರಿ.